ಅಮ್ಮಂದಿರ ಸಾಲಿನಲ್ಲಿ ಒಂದು ಕುರ್ಚಿ

ಇವತ್ತು ಭಾನುವಾರ. ಬೆಳಗ್ಗೆ ಎದ್ದು ಹಾಲು ಕಾಯಿಸಿದೆ, ಡಿಕಾಕ್ಷನ್ ಇಳಿಸಿದೆ. ಹಬ್ಬಕ್ಕೆಂದು ಹೊರತೆಗೆದಿದ್ದ ಬೆಳ್ಳಿ ದೀಪಗಳನ್ನು ವಿಭೂತಿಯಲ್ಲಿ ತಿಕ್ಕಿ ಒರೆಸಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಒಳಗಿಟ್ಟೆ. ಕಲಶದ ತೆಂಗಿನಕಾಯಿ ಒಡೆದು ತುರಿದು ಫ್ರೀಜರಿಗೆ ಹಾಕಿದೆ. ಎರಡು ಸಲ ಬಟ್ಟೆ ಒಗೆಯಲು ಹಾಕಿದೆ. ಮನೆಯ ಹಿಂದಿನ ಮರದ ಕಟ್ಟೆ, ಡೆಕ್ ಎನ್ನುತ್ತಾರಲ್ಲ, ಅದರ ಮೇಲಿನ ಮಲ್ಲಿಗೆ ಕುಂಡಗಳಿಗೆ ನೀರೆರೆದೆ. ಅವುಗಳಲ್ಲಿ ಒಂದು ಮೊಗ್ಗೂ ಉಳಿದಿರಲಿಲ್ಲ. ಪಕ್ಕದ ಮನೆಯ ಹುಡುಗಿಗೆ ತಲೆ ಬಾಚಿ ಎರಡು ಜಡೆ ಹೆಣೆದೆ. ಇಂಡಿಯನ್ ಸ್ಟೋರಿನಿಂದ ತರಿಸಿದ ಮಲ್ಲಿಗೆ ಮಾಲೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಅದೇ ಹೂವನ್ನು ಸೂಜಿಯಲ್ಲಿ ಪೋಣಿಸಿದೆ. ರಾಬಿನ್ಸ್‌ವಿಲ್ ಆಚೆಗಿರುವ ಒಂದು ಹಾಲ್‌ಗೆ ಹೋಗಿ ಬಂದೆ. ಸಂಜೆ ಬಟ್ಟೆ ಮಡಿಸಿದೆ. ಈ ಎಲ್ಲ ಕೆಲಸಗಳ ನಡುವೆ ದಿನವಿಡೀ ಸಿಟ್ಟಿನಲ್ಲಿದ್ದೆ. ಬರೆದರೆ ಸಿಟ್ಟು ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಹಾಗೇನೂ ಆಗುವುದಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಅಭ್ಯಾಸ.

ನಾವಿರುವುದು ವೆಸ್ಟ್ ವಿಂಡ್ಸರ್‌ನಲ್ಲಿ, ರೈಲು ನಿಲ್ದಾಣಕ್ಕೆ ಹತ್ತಿರದ ಒಂದು ಟೌನ್‌ಹೌಸ್ ಸಾಲಿನಲ್ಲಿ. ನಮ್ಮ ಗೋಡೆಗೆ ಅಂಟಿಕೊಂಡ ಮನೆ ಥಾಯ್ಲೆಂಡಿನವರದು. ಗಂಡ ಥಾಯ್ ರೆಸ್ಟೊರೆಂಟೊಂದರಲ್ಲಿ ಅಡುಗೆ ಮಾಡುತ್ತಾನೆ. ಹೆಂಡತಿ ಫಾರ್ಮಸಿಯಲ್ಲಿ ಕೆಲಸಕ್ಕಿದ್ದಳು. ಕ್ಯಾನ್ಸರ್ ಆಗಿ ಹೋದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಳು. ಅವರಿಗೆ ಒಬ್ಬಳೇ ಮಗಳು, ಈಗ ಒಂಬತ್ತು ವರ್ಷ. ನಾನು ಇಲ್ಲಿನ ಎಲಿಮೆಂಟರಿ ಸ್ಕೂಲಿನಲ್ಲಿ ಮಕ್ಕಳ ಊಟದ ಹೊತ್ತಿಗೆ ಮೇಲ್ವಿಚಾರಣೆ ನೋಡುವವಳು. ಬೇಸಿಗೆಯಲ್ಲಿ ಸ್ಕೂಲಿಗೆ ರಜೆ, ನನಗೂ ರಜೆ. ಹಾಗಾಗಿ ಅಪ್ಪ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಹುಡುಗಿ ನಮ್ಮ ಮನೆಯಲ್ಲಿರುತ್ತಾಳೆ. ಮೊಸರನ್ನ ತಿನ್ನುತ್ತಾಳೆ, ಉಪ್ಪಿನಕಾಯಿಯ ರಸವನ್ನಷ್ಟೇ ನೆಕ್ಕಿ ಹೋಳು ಬಿಡುತ್ತಾಳೆ, ಹೆಚ್ಚು ಮಾತಾಡುವುದಿಲ್ಲ.

ಆ ಮನುಷ್ಯನ ಬಗ್ಗೆ ಒಂದು ಮಾತು ಹೇಳಬೇಕು. ಹೆಂಡತಿ ಹೋದ ಮೇಲೆ ಅವನು ಜಡೆ ಹಾಕುವುದನ್ನು ವಿಡಿಯೊ ನೋಡಿ ಕಲಿತ. ಮೊದಮೊದಲು ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಕೆಳಗೆ ಇರುತ್ತಿತ್ತು. ಈಗ ನನಗಿಂತ ಬಿಗಿಯಾಗಿ ಹಾಕುತ್ತಾನೆ. ಬೆಳಗ್ಗೆ ಲಂಚ್ ಬಾಕ್ಸು, ಸಂಜೆ ಹೋಮ್‌ವರ್ಕು, ರಾತ್ರಿ ಕೆಲಸದ ಯೂನಿಫಾರ್ಮ್‌ನಲ್ಲೇ ಬಂದು, ನಿದ್ದೆ ಹೋದ ಮಗಳನ್ನು ನಮ್ಮ ಸೋಫಾದಿಂದ ಎತ್ತಿಕೊಂಡು ಹೋಗುವುದು, ಎಲ್ಲ ಅವನದೇ. ನನ್ನನ್ನು 'ಪೀ' ಎನ್ನುತ್ತಾನೆ. ಅವರಲ್ಲಿ ಅಕ್ಕನ ಸಮಾನರನ್ನು ಹಾಗೆ ಕರೆಯುತ್ತಾರಂತೆ.

ಥಾಯ್ ಜನರಿಗೆ ಅಮ್ಮಂದಿರ ದಿನ ಬರುವುದು ಆಗಸ್ಟ್ ಹನ್ನೆರಡಕ್ಕೆ. ಅವರ ರಾಣಿಯ ಹುಟ್ಟಿದ ದಿನವನ್ನೇ ಅಮ್ಮಂದಿರ ದಿನವನ್ನಾಗಿ ಮಾಡಿಕೊಂಡಿದ್ದಾರೆ. ಅವತ್ತು ತಿಳಿನೀಲಿ ಬಟ್ಟೆ ಹಾಕುತ್ತಾರೆ. ಹೂವೆಂದರೆ ಮಲ್ಲಿಗೆ. ಬಿಳಿ, ಸುವಾಸನೆ, ವರ್ಷವೆಲ್ಲ ಸಿಗುತ್ತದೆ, ಅಮ್ಮನ ಪ್ರೀತಿಯೂ ಹಾಗೇ ಎಂದು ಅವರ ಲೆಕ್ಕ. ಅವರ ಭಾಷೆಯಲ್ಲೂ ಮಲ್ಲಿಗೆಗೆ 'ಮಲಿ' ಎನ್ನುತ್ತಾರೆ ಎಂದು ಆ ಹುಡುಗಿಯ ಅಮ್ಮನೇ ನನ್ನ ಡೆಕ್ ಮೇಲೆ ನಿಂತು ಹೇಳಿದ್ದಳು, ನಾವಿಬ್ಬರೂ ಆಗ ಬಹಳ ಹೊತ್ತು ನಕ್ಕಿದ್ದೆವು. ಶಾಲೆಗಳಲ್ಲಿ ಅಮ್ಮಂದಿರನ್ನು ಸಾಲಾಗಿ ಕುರ್ಚಿಯ ಮೇಲೆ ಕೂರಿಸುತ್ತಾರೆ. ಮಕ್ಕಳು ಮಂಡಿಯೂರಿ ಬಂದು, ಮಲ್ಲಿಗೆ ಮಾಲೆಯನ್ನು ಅಮ್ಮನ ಕೈಗಿಟ್ಟು, ಕಾಲಿಗೆ ಹಣೆಯಿಟ್ಟು ನಮಸ್ಕಾರ ಮಾಡುತ್ತಾರೆ. ಅಮ್ಮಂದಿರೂ ಅಳುತ್ತಾರೆ, ಮಕ್ಕಳೂ ಅಳುತ್ತಾರೆ. ಮೇ ತಿಂಗಳಲ್ಲಿ ಇಲ್ಲಿಯವರು ಮಾಡುವ ಮದರ್ಸ್ ಡೇಗೆ ನನ್ನ ಮಗಳು ಫೋನಿನಲ್ಲೇ ಆರ್ಡರ್ ಮಾಡಿ ಬಾಗಿಲಿಗೆ ಹೂಗುಚ್ಛ ಕಳಿಸುತ್ತಾಳೆ. ಅದಕ್ಕೆ ಹೋಲಿಸಿದರೆ ಇದು ನನಗೆ ನಮ್ಮದೇ ಅನ್ನಿಸುವ ಹಬ್ಬ.

ಇಲ್ಲಿನ ಥಾಯ್ ಮಕ್ಕಳಿಗೆ ಭಾನುವಾರದ ಭಾಷೆಯ ಕ್ಲಾಸ್ ಇದೆ. ಆಗಸ್ಟಿನ ಒಂದು ಭಾನುವಾರ ಒಂದು ಹಾಲ್ ಬಾಡಿಗೆಗೆ ಹಿಡಿದು ಈ ಹಬ್ಬ ಮಾಡುತ್ತಾರೆ. ಹೋದ ವರ್ಷವೂ ಮಾಡಿದ್ದರು. ಅದು ಆ ಮಗುವಿಗೆ ಅಮ್ಮನಿಲ್ಲದ ಮೊದಲ ಆಗಸ್ಟ್. ಅವಳ ಕೈಯಲ್ಲಿ ನೀರಿನ ಬಾಟಲಿಗಳ ಟ್ರೇ ಕೊಟ್ಟು, ಕೂತ ಅಮ್ಮಂದಿರಿಗೆಲ್ಲ ಹಂಚಲು ಹೇಳಿದರಂತೆ. ಮಗು ಸುಮ್ಮನೆ ನಿಂತು ನೋಡಿದರೆ ದುಃಖವಾಗುತ್ತದೆ, ಕೈಗೆ ಕೆಲಸ ಕೊಟ್ಟರೆ ಮರೆಯುತ್ತದೆ ಎಂದು ಅವರ ಯೋಚನೆ. ಎಂಟು ವರ್ಷದ ಮಗು, ಬೇರೆ ಮಕ್ಕಳ ಅಮ್ಮಂದಿರಿಗೆ ಒಬ್ಬೊಬ್ಬರಿಗೂ ನೀರು ಕೊಟ್ಟುಕೊಂಡು ಬಂದಿದೆ. ಯಾರಿಗೂ ಕೇಡಿನ ಮನಸ್ಸಿರಲಿಲ್ಲ, ಒಪ್ಪುತ್ತೇನೆ. ಆದರೆ ಅಷ್ಟು ಜನ ದೊಡ್ಡವರಿದ್ದು ಒಬ್ಬರಿಗೂ ಹೊಳೆಯಲಿಲ್ಲವೇ?

ಈ ವರ್ಷ ಹಾಗಾಗಬಾರದು ಎಂದು ಕ್ಲಾಸ್ ನಡೆಸುವ ಹಿರಿಯ ಟೀಚರಮ್ಮ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದರಂತೆ. ಅಮ್ಮಂದಿರ ಸಾಲಿನಲ್ಲಿ ನಿನ್ನ ಮಗಳಿಗೂ ಒಂದು ಕುರ್ಚಿ ಹಾಕುತ್ತೇವೆ, ಯಾರಾದರೂ ಹೆಂಗಸನ್ನು ಕರೆದುಕೊಂಡು ಬಾ, ಅತ್ತೆಯೋ ಚಿಕ್ಕಮ್ಮನೋ ನೆರೆಯವರೋ ಯಾರಾದರೂ ಆದೀತು, ಎಂದು. ಅವನು ಮಾವಿನ ಹಣ್ಣಿನ ಜೊತೆ ತಿನ್ನುವ ಅವರ ಸಿಹಿ ಅನ್ನದ ಡಬ್ಬ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಬಾಗಿಲಲ್ಲೇ ನಿಂತು, ಚಪ್ಪಲಿ ನೋಡಿಕೊಂಡು, ಪೀ ಬರಬಹುದೇ ಎಂದು ಕೇಳಿದ. ಬರುತ್ತೇನೆ ಎಂದೆ. ನನ್ನ ಕುಂಡದ ಮಲ್ಲಿಗೆಯಲ್ಲೇ ಮಾಲೆಯಾಗಲಿ ಎಂದೂ ಹೇಳಿದೆ. ಚಳಿಗಾಲವೆಲ್ಲ ಲಿವಿಂಗ್ ರೂಮಿನ ಕಿಟಕಿಯ ಬಳಿ ಇಟ್ಟು, ಮೇ ತಿಂಗಳಲ್ಲಿ ಹೊರಗಿಟ್ಟು ಸಾಕಿದ ಗಿಡಗಳು ಅವು. ಆಗಸ್ಟ್‌ನಲ್ಲಿ ದಿನಾ ಸಂಜೆ ಒಂದು ಬೊಗಸೆ ಮೊಗ್ಗು ಸಿಗುತ್ತದೆ.

ಆಗಸ್ಟ್ ಎಂದರೆ ನಮಗೂ ವರಮಹಾಲಕ್ಷ್ಮಿ. ಈ ಸಲ ಹಬ್ಬ ಬಿದ್ದದ್ದು ಇದೇ ವಾರದ ಶುಕ್ರವಾರ. ಕಾರಿನಲ್ಲಿ ಎರಡು ಗಂಟೆ ದೂರದ ಜೆರಿಕೋದಿಂದ ನನ್ನ ಗಂಡನ ಅಕ್ಕ ಬಂದಿದ್ದರು, ಇನ್ನೂ ಇದ್ದಾರೆ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಕಲಶಕ್ಕೆ ಸೀರೆ ಉಡಿಸುವುದರಲ್ಲಿ ಅವರ ಕೈ ಯಾರಿಗೂ ಬರುವುದಿಲ್ಲ. ನೆರಿಗೆ ಹಿಡಿದರೆ ದೇವಿ ನಿಜವಾಗಿ ಕೂತಂತೆ ಕಾಣುತ್ತಾಳೆ. ಶುಕ್ರವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಹುಡುಗಿಯೂ ಬಂದು ಒಬ್ಬಟ್ಟು ತಿಂದು ಹೋದಳು. ಶನಿವಾರ ಮಧ್ಯಾಹ್ನ ಸಬ್ಬಕ್ಕಿ ಸಂಡಿಗೆ ಕರಿಯುತ್ತಿದ್ದಾಗ, ನಾಳೆ ನಾನೆಲ್ಲಿಗೆ ಹೋಗುತ್ತೇನೆ, ಯಾಕೆ ಹೋಗುತ್ತೇನೆ, ಸಂಜೆಯ ಮೊಗ್ಗು ಯಾರಿಗೆ ಎಂದು ಅತ್ತಿಗೆಗೆ ಹೇಳಿದೆ. ಅವರು ಜಾಲರಿ ಸೌಟು ಕೆಳಗಿಟ್ಟರು.

"ಹಬ್ಬ ಮಾಡಿ ಕಂಕಣ ಕಟ್ಕೊಂಡಿದ್ದೀಯ. ಅದು ಕೈಯಲ್ಲಿರೋವಾಗ ಹೋಗಿ, ತೀರ್ಕೊಂಡವಳ ಕುರ್ಚಿ ಮೇಲೆ ಕೂರ್ತೀಯಾ?"

"ಕುರ್ಚಿ ಅವಳದ್ದಲ್ಲ ಅತ್ತಿಗೆ, ಹಾಲ್‌ನವರದ್ದು."

"ತಮಾಷೆ ಮಾಡ್ಬೇಡ. ನನ್ನ ತಮ್ಮನ ಆಯಸ್ಸಿನ ವಿಚಾರ ಇದು."

ತಮ್ಮ ಪಕ್ಕದ ರೂಮಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು, ಆಯಸ್ಸಿಗೇನೂ ಧಕ್ಕೆ ಇದ್ದಂತಿರಲಿಲ್ಲ. ಅತ್ತಿಗೆ ಮುಂದುವರಿಸಿದರು. ಅನಾಥ ಮಗುವಿಗೆ ಬಟ್ಟೆ ಕೊಡಿಸು, ಊಟ ಹಾಕು, ಬೇಡ ಅಂದವರು ಯಾರು. ಆದರೆ ಇನ್ನೊಬ್ಬರ ಜಾಗದಲ್ಲಿ ಕೂರುವುದು ಬೇರೆ. ಅಪ್ಪ ಇರುವ ಮಗು ಅನಾಥ ಹೇಗಾಗುತ್ತದೆ ಎಂದು ನಾನು ಕೇಳಿದೆ. ಅವರು ಮತ್ತೆ ಸಂಡಿಗೆ ಕರಿಯಲು ಶುರು ಮಾಡಿದರು.

ಸಂಜೆ ಮೊಗ್ಗು ಬಿಡಿಸಲು ಡೆಕ್‌ಗೆ ಹೋದೆ. ಎರಡೂ ಗಿಡ ಬೋಳು. ಒಳಗೆ ಬಂದು ನೋಡಿದರೆ ಕಲಶದ ದೇವಿಗೆ ಹೊಸ ದಂಡೆ. ಶನಿವಾರ ಕಲಶ ಕದಲಿಸಬಾರದು ಎಂಬುದು ಅತ್ತಿಗೆಯ ಕಟ್ಟುನಿಟ್ಟು, ಹಾಗಾಗಿ ದೇವಿ ಇನ್ನೂ ಕೂತೇ ಇದ್ದಳು. ಮೊಗ್ಗುಗಳನ್ನು ಅವರು ಅಷ್ಟು ನೀಟಾಗಿ ಕಟ್ಟಿದ್ದರು, ಒಂದಕ್ಕೊಂದು ತಾಗಿಕೊಂಡು, ದಾರ ಕಾಣದ ಹಾಗೆ. ಆ ಮೊಗ್ಗು ಹುಡುಗಿಗೆಂದು ಬಿಟ್ಟಿದ್ದು ಎಂದು ಹೇಳಿದ್ದೆನಲ್ಲ ಎಂದೆ.

"ದೇವಿಗೆ ಮುಡಿಸಿದ್ದಕ್ಕೆ ನಿನಗೆ ಬೇಜಾರಾ?" ಎಂದರು.

ಈ ಪ್ರಶ್ನೆಗೆ ಯಾರಾದರೂ ಏನೆಂದು ಉತ್ತರ ಕೊಡುವುದು? ಹೌದು ಎಂದರೆ ದೇವಿಯ ಮೇಲೆ ಬೇಜಾರು, ಇಲ್ಲ ಎಂದರೆ ಅವರು ಮಾಡಿದ್ದು ಸರಿ. ನಾನು ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ಮಡಿಸಿದ್ದ ಸೀರೆಯನ್ನೇ ಬಿಚ್ಚಿ ಇನ್ನೊಮ್ಮೆ ಮಡಿಸಿದೆ. ನನ್ನವರು ಬಂದು ಹಾಸಿಗೆಯ ಅಂಚಿಗೆ ಕೂತರು.

"ಅಕ್ಕನ ಹತ್ರ ವಾದ ಮಾಡಿ ಗೆದ್ದೋರು ನಮ್ಮ ವಂಶದಲ್ಲೇ ಇಲ್ಲ ಕಣೇ. ನಾಳೆ ಬೆಳಗ್ಗೆ ನಾನೇ ಹೋಗಿ ಸ್ಟೋರಿಂದ ಹೂ ತರ್ತೀನಿ, ಬಿಡು."

"ಅವರ ಬಾಯಲ್ಲಿ ಈ ಮಾತು ಬರಬಹುದಾ ರೀ? ನಿಮ್ಮನ್ನ ಬೆಳೆಸಿದ್ದು ಯಾರು?"

ನನ್ನ ಅತ್ತೆ, ಎಂದರೆ ಇವರ ತಾಯಿ, ತೀರಿಕೊಂಡಾಗ ಇವರಿಗೆ ನಾಲ್ಕು ವರ್ಷ. ತಲೆಗೆ ನೀರು ಹಾಕಿದ್ದು, ಅನ್ನ ಕಲಸಿ ತಿನ್ನಿಸಿದ್ದು, ಜ್ವರ ಬಂದಾಗ ಎದ್ದು ಕೂತದ್ದು ಎಲ್ಲ ಅತ್ತಿಗೆಯೇ. ಅವರಿಗೆ ಆಗ ಹದಿನಾರು. ತೀರಿಕೊಂಡವಳ ಜಾಗದಲ್ಲಿ ಕೂತು ಒಂದು ಸಂಸಾರ ನಡೆಸಿದವರು ನನಗೆ ಕುರ್ಚಿಯ ದೋಷ ಹೇಳುತ್ತಾರೆ. ನನ್ನವರು, ಅಕ್ಕನನ್ನೂ ಆಗ ಯಾರೂ ಕೇಳಿರಲಿಲ್ಲ, ಕೂರಿಸಿಬಿಟ್ಟಿದ್ದರು ಅಷ್ಟೇ, ಎಂದರು. ಆ ಮಾತಿಗೆ ನನ್ನ ಸಿಟ್ಟು ಕಡಿಮೆಯೇನೂ ಆಗಲಿಲ್ಲ. ಎಲ್ಲಿಗೆ ಹೋಗಬೇಕೋ ಗೊತ್ತಾಗದೆ ಅಲ್ಲೇ ನಿಂತಿತು.

ಭಾನುವಾರ ಬೆಳಗ್ಗೆ ಅತ್ತಿಗೆ ಬೇಗ ಎದ್ದು ಕಲಶ ಕದಲಿಸಿದರು. ಹುಡುಗಿಯ ಅಪ್ಪ ನಸುಕಿನಲ್ಲೇ ಹಾಲ್‌ಗೆ ಹೋಗಿದ್ದ. ಕಾರ್ಯಕ್ರಮದ ಊಟವನ್ನೂ ಅವನೇ ಮಾಡುವುದೆಂದು ಗೊತ್ತುಮಾಡಿದ್ದರು, ಮಾಡುವವನು ಇದ್ದಾನಲ್ಲ. ಹುಡುಗಿ ತಿಳಿನೀಲಿ ಫ್ರಾಕ್ ಹಾಕಿಕೊಂಡು, ಬಾಚಣಿಗೆ ಮತ್ತು ಒಂದು ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಡಬ್ಬದಲ್ಲಿ ಅವಳ ಅಮ್ಮನ ಉದ್ದನೆಯ ಸೂಜಿ, ಬಿಳಿ ದಾರ, ಸ್ವಲ್ಪ ನೀಲಿ ರಿಬ್ಬನ್ ಇತ್ತು. ನನ್ನವರು ಸ್ಟೋರಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಲ್ಲಿಗೆ ತಂದರು. ಫ್ರಿಜ್ಜಿನಲ್ಲಿ ಕೂತು ಅಂಚು ಕಂದಾಗಿತ್ತು. ನಮ್ಮಲ್ಲಿ ಕಟ್ಟುವ ಹಾಗೆ ಗಂಟು ಹಾಕಿ ಕಟ್ಟಿದ ಮಾಲೆ. ಹುಡುಗಿ ಅದನ್ನು ಮುಟ್ಟಿ ನೋಡಿ, ಹೀಗಲ್ಲ, ಅಮ್ಮ ಮಾಡುತ್ತಿದ್ದ ಹಾಗೆ ಬೇಕು ಎಂದಳು. ಅವರಲ್ಲಿ ಹೂ ಕಟ್ಟುವುದಿಲ್ಲ. ಮೊಗ್ಗನ್ನು ಸೂಜಿಗೆ ಚುಚ್ಚಿ ಚುಚ್ಚಿ ಪೋಣಿಸಿ, ಬಳೆಯ ಹಾಗೆ ದುಂಡಗೆ ಸುತ್ತಿ, ಕೆಳಗೊಂದು ಕುಚ್ಚು ಬಿಡುತ್ತಾರೆ.

ಹಾಗಾಗಿ ಡೈನಿಂಗ್ ಟೇಬಲ್ಲಿನ ಮೇಲೆ ಒದ್ದೆ ಬಟ್ಟೆ ಹಾಸಿ, ನಾವಿಬ್ಬರೂ ಕೂತು ಗಂಟು ಬಿಚ್ಚಿದೆವು. ಹುಟ್ಟಿದಾಗಿನಿಂದ ಹೂ ಕಟ್ಟಿದ್ದೇನೆಯೇ ಹೊರತು ಬಿಚ್ಚಿದ್ದಿಲ್ಲ. ಬೆರಳಿಗೆ ಅದು ಒಗ್ಗುವುದೇ ಇಲ್ಲ. ದಾರ ಎಳೆದರೆ ತೊಟ್ಟು ಮುರಿಯುತ್ತದೆ. ಹುಡುಗಿ ನನಗಿಂತ ನಿಧಾನ, ನನಗಿಂತ ಜಾಗ್ರತೆ. ಅರಳಿದ ಹೂ ಒಂದು ಕಡೆ, ಮೊಗ್ಗು ಒಂದು ಕಡೆ ಗುಡ್ಡೆ ಮಾಡಿಕೊಂಡಳು. ಅತ್ತಿಗೆ ಕಾಫಿ ಹಿಡಿದು ಬಂದು ನಿಂತು ನೋಡಿ ಹೋದರು.

ಮಾಲೆ ಅರ್ಧವಾಗಿತ್ತು. ಹುಡುಗಿ ಸೂಜಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ಆಂಟಿ, ಕ್ಯಾನ್ ಐ ಗಿವ್ ಇಟ್ ಟು ಡ್ಯಾಡ್?"

ಅಪ್ಪನಿಗೆ ಯಾಕೆ ಎಂದು ನಾನು ಕೇಳಲಿಲ್ಲ. ದಿನಾ ಅವಳಿಗೆ ಜಡೆ ಹಾಕುವವನು ಯಾರೆಂದು ನನಗೆ ಗೊತ್ತಿತ್ತು. ಟೀಚರ್‌ಗೆ ಹೇಳಿದೆಯಾ ಎಂದು ಮಾತ್ರ ಕೇಳಿದೆ. ಹೇಳಿದ್ದಳಂತೆ, ಎರಡು ವಾರದ ಹಿಂದೆಯೇ. ಇವತ್ತು ಅಮ್ಮಂದಿರ ದಿನ, ಅಪ್ಪಂದಿರಿಗೆ ಡಿಸೆಂಬರ್‌ನಲ್ಲಿ ಬೇರೆ ದಿನ ಇದೆಯಲ್ಲ, ಆಗ ಕೊಡುವಿಯಂತೆ ಎಂದರಂತೆ. ಅಪ್ಪನಿಗೂ ಹೇಳಿದಳಂತೆ. ಅಪ್ಪ, ಪೀ ನಿನಗೋಸ್ಕರ ಬರುತ್ತಿದ್ದಾರೆ, ಬೇಜಾರು ಮಾಡಿಕೊಳ್ಳುತ್ತಾರೆ ಎಂದನಂತೆ. "ಯು ವೋಂಟ್ ಬಿ ಸ್ಯಾಡ್, ರೈಟ್?" ಎಂದು ನನ್ನನ್ನು ಕೇಳಿದಳು.

ಅಂದರೆ ಇಷ್ಟು ದಿನ ಟೀಚರಮ್ಮ, ಅಪ್ಪ, ಅತ್ತಿಗೆ, ನಾನು, ಎಲ್ಲರೂ ಸೇರಿ ಆ ಕುರ್ಚಿಯಲ್ಲಿ ಯಾರು ಕೂರಬೇಕು, ಯಾರು ಕೂರಬಾರದು ಎಂದು ತೀರ್ಮಾನ ಮಾಡುತ್ತಿದ್ದೆವು. ಯಾರಿಗೆ ಕೊಡಬೇಕೆಂದು ಅವಳು ಆಗಲೇ ತೀರ್ಮಾನಿಸಿ, ಇಬ್ಬರು ದೊಡ್ಡವರಿಗೆ ಬಾಯಿಬಿಟ್ಟು ಹೇಳಿಯೂ ಆಗಿತ್ತು. ನನಗೆ ಬೇಜಾರಿಲ್ಲ ಪುಟ್ಟಿ ಎಂದೆ. ಹಾಲ್‌ಗೆ ಹೋದ ಮೇಲೆ ನಾನು ಮಾತಾಡುತ್ತೇನೆ ಎಂದೂ ಹೇಳಿದೆ.

ನನ್ನವರು ಡ್ರೈವ್ ಮಾಡಿದರು. ರಾಬಿನ್ಸ್‌ವಿಲ್ ದಾಟುತ್ತಿದ್ದ ಹಾಗೆ ರಸ್ತೆಯ ಎರಡೂ ಕಡೆ ವೇರ್‌ಹೌಸುಗಳು, ಭಾನುವಾರವೂ ಟ್ರಕ್ಕುಗಳ ಸಾಲು. ಹುಡುಗಿ ಹಿಂದಿನ ಸೀಟಿನಲ್ಲಿ ಮಾಲೆಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ತಿರುವು ಬಂದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು.

ಹಾಲ್ ದೊಡ್ಡದೇನಲ್ಲ. ಒಂದು ಗೋಡೆಗೆ ನೀಲಿ ಬಿಳಿ ಬಟ್ಟೆ ಇಳಿಬಿಟ್ಟು, ಕಾಗದದ ಮಲ್ಲಿಗೆ ಅಂಟಿಸಿದ್ದರು. ಅದರ ಮುಂದೆ ಕುರ್ಚಿಗಳ ಸಾಲು. ಎದುರು ಗೋಡೆಯಲ್ಲಿ ಅಡುಗೆಮನೆ. ಊಟ ಕೊಡಲು ಸೊಂಟದೆತ್ತರಕ್ಕೊಂದು ಕಿಟಕಿ. ಅದರೊಳಗೆ ಹುಡುಗಿಯ ಅಪ್ಪ ಏಪ್ರನ್ ಹಾಕಿಕೊಂಡು ದೊಡ್ಡ ಬಾಣಲೆಯಲ್ಲಿ ನೂಡಲ್ಸ್ ತಿರುವುತ್ತಿದ್ದ. ನಮ್ಮನ್ನು ನೋಡಿ ಎರಡೂ ಕೈ ಜೋಡಿಸಿ, ನಕ್ಕು, ಮತ್ತೆ ಬಾಣಲೆಗೆ ತಿರುಗಿದ.

ಟೀಚರಮ್ಮ ನನಗಿಂತ ಹಿರಿಯರು, ಮೃದು ಮಾತಿನವರು. ನನ್ನ ಕೈ ಹಿಡಿದು, ಬಂದದ್ದಕ್ಕೆ ನಾಲ್ಕು ಸಲ ಥ್ಯಾಂಕ್ಸ್ ಹೇಳಿದರು. ನಾನು ವಿಷಯ ಹೇಳಿದೆ. ಆ ಕುರ್ಚಿಯಲ್ಲಿ ಅವಳ ಅಪ್ಪ ಕೂರಲಿ, ಮಗುವಿನ ಆಸೆ ಅದು, ಎಂದೆ. ಅವರು ತಲೆಯನ್ನು ಒಂದು ಕಡೆ ವಾಲಿಸಿ, ಚಿಕ್ಕ ಮಕ್ಕಳೊಡನೆ ಮಾತಾಡುವ ಹಾಗೆ ನನಗೆ ತಿಳಿಹೇಳಿದರು. ಸಾಲಿನಲ್ಲಿ ಎಲ್ಲರೂ ಹೆಂಗಸರು, ನಡುವೆ ಒಬ್ಬ ಗಂಡಸು ಕೂತರೆ ಅವನಿಗೇ ಮುಜುಗರ. ಬೇರೆ ಮಕ್ಕಳು ಯಾಕೆ ಎಂದು ಕೇಳುತ್ತಾರೆ. ಅಮ್ಮನ ಮಡಿಲು ಅಂತ ಒಂದು ಇರುತ್ತದಲ್ಲ, ಅದನ್ನು ಹೆಂಗಸೇ ಕೊಡಬೇಕು. ಅಪ್ಪಂದಿರಿಗೆ ಡಿಸೆಂಬರ್ ಇದ್ದೇ ಇದೆ.

"ಡಿಸೆಂಬರ್‌ನಲ್ಲಿ ಅಪ್ಪ, ಸರಿ. ಆಗಸ್ಟ್‌ನಲ್ಲಿ ಈ ಮಗುವಿಗೆ ಯಾರು?" ಎಂದೆ.

"ನೀವಿದ್ದೀರಲ್ಲ."

"ಅವಳು ಕೇಳಿದ್ದು ನನ್ನನ್ನಲ್ಲ."

ಅವರು ನನ್ನ ಭುಜ ತಟ್ಟಿದರು. ಭುಜ ತಟ್ಟಿಸಿಕೊಂಡು ಸೋಲುವಷ್ಟು ಕಿರಿಕಿರಿ ಇನ್ನೊಂದಿಲ್ಲ. ನಾನು ಅಡುಗೆಮನೆಗೆ ಹೋಗಿ ಅವನನ್ನೇ ಕೇಳಿದೆ. ಅವನಿಗೆ ಕಿವಿಯವರೆಗೂ ಕೆಂಪೇರಿತು. ಬೇಡ ಪೀ, ಗಲಾಟೆ ಬೇಡ ಎಂದ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಜೊತೆಗೆ ಕೂತದ್ದು ಈ ಟೀಚರೇ, ತಿಂಗಳುಗಟ್ಟಲೆ ಮನೆಗೆ ಊಟ ತಂದುಕೊಟ್ಟದ್ದು ಈ ಜನವೇ, ಅವರ ಮಾತು ಮೀರಲಾರೆ ಎಂದ. ಆಮೇಲೆ, ನಾನು ಅಮ್ಮ ಅಲ್ಲವಲ್ಲ ಪೀ, ನಗುತ್ತಾರೆ ಎಂದ.

ಯಾರು ನಗುವುದು? ಎದ್ದು ಅಡುಗೆ ಮಾಡಿದವನು ಇವನು, ಜಡೆ ಹೆಣೆಯುವವನು ಇವನು, ಜ್ವರದ ಮಗುವನ್ನು ಹೆಗಲಮೇಲೆ ಹಾಕಿಕೊಂಡು ಹಿಮದಲ್ಲಿ ಕಾರಿನವರೆಗೆ ನಡೆದವನು ಇವನು. ನಾನು ಬೇಸಿಗೆಯಲ್ಲಿ ಮೊಸರನ್ನ ಹಾಕುತ್ತೇನೆ. ಸೀರೆ ಉಟ್ಟಿದ್ದೇನೆಂಬ ಒಂದೇ ಕಾರಣಕ್ಕೆ ಮಡಿಲು ನನ್ನದಾಯಿತು! ಉಪಕಾರ ಮಾಡಿದವರ ಮಾತು ಮೀರಬಾರದು ಎಂದು ಅವನು ಮಗಳ ಒಂದು ಮಾತನ್ನು ಮೀರುತ್ತಿದ್ದಾನೆ, ಅದು ಅವನಿಗೆ ಕಾಣುವುದಿಲ್ಲ. ಅವನ ಮೇಲೂ ನನಗೆ ಸಿಟ್ಟು ಬಂತು. ಹೇಳಲಿಲ್ಲ. ಬಾಣಲೆಯ ಮುಂದೆ ಬೆವರುತ್ತಿದ್ದ ಮನುಷ್ಯನಿಗೆ ಏನು ಹೇಳುವುದು.

ಮೈಕಿನಲ್ಲಿ ಕರೆದರು. ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ನನ್ನವರು ಹಿಂದಿನ ಗೋಡೆಗೆ ಒರಗಿ ನಿಂತರು. ಮಕ್ಕಳು ತಾಯಿಯ ಮೇಲಿನ ಒಂದು ಹಾಡು ಹೇಳಿದರು. ನನಗೆ ಭಾಷೆ ತಿಳಿಯಲಿಲ್ಲ, ನನ್ನ ಪಕ್ಕದಲ್ಲಿದ್ದ ಹೆಂಗಸು ಅಳುತ್ತಿದ್ದಳು. ಆಮೇಲೆ ಒಬ್ಬೊಬ್ಬರದೇ ಹೆಸರು ಕರೆಯುತ್ತಾ ಬಂದರು. ದೊಡ್ಡ ಹುಡುಗರು ನಾಚಿಕೊಂಡು ಬೇಗ ಬೇಗ ಮುಗಿಸಿದರು. ಒಬ್ಬ ಪುಟಾಣಿ ಮಾಲೆ ಕೊಡುವ ಬದಲು ತಾನೇ ಹಾಕಿಕೊಂಡು ಅಮ್ಮನ ತೊಡೆ ಹತ್ತಿ ಕೂತ. ಎಲ್ಲರೂ ನಕ್ಕರು.

ಹುಡುಗಿಯ ಹೆಸರು ಬಂತು. ಮಂಡಿಯೂರಿಕೊಂಡು ನನ್ನ ಮುಂದೆ ಬಂದಳು. ಕೈಯಲ್ಲಿ ಮಾಲೆ. ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕೆಳತುಟಿ ಒಳಗೆ ಸೇರಿತ್ತು.

"ಸಾರಿ, ಆಂಟಿ," ಎಂದಳು, ನನಗಷ್ಟೇ ಕೇಳುವ ಹಾಗೆ.

"ಹೋಗು ಪುಟ್ಟಿ," ಎಂದೆ. ಕನ್ನಡದಲ್ಲೇ ಹೇಳಿದೆ. ಅವಳಿಗೆ ಅಷ್ಟು ಕನ್ನಡ ಬರುತ್ತದೆ.

ಎದ್ದು ನಿಂತಳು. ಫ್ರಾಕಿನ ಮಂಡಿಯ ಧೂಳು ಕೊಡವಿಕೊಂಡು, ಅಷ್ಟು ಜನರ ನಡುವೆ ನಡೆದು ಹೋಗಿ, ಅಡುಗೆಮನೆಯ ಬಾಗಿಲು ತಳ್ಳಿ ಒಳಗೆ ಹೋದಳು. ನಾನು ಕೂತಲ್ಲಿಂದ ಆ ಕಿಟಕಿ ನೇರ ಕಾಣುತ್ತಿತ್ತು. ಮೊದಲು ಅವಳ ತಲೆ ಕಂಡಿತು, ಆಮೇಲೆ ಕಾಣಲಿಲ್ಲ, ಮಂಡಿಯೂರಿರಬೇಕು. ಅವನೊಬ್ಬನೇ ಕಾಣುತ್ತಿದ್ದ, ಕೈಯಲ್ಲಿ ಸೌಟು, ಕೆಳಗೆ ನೋಡುತ್ತಾ. ಸೌಟು ಇಟ್ಟ. ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಆಮೇಲೆ ಅವನೂ ಕೆಳಗೆ ಕೂತನೋ ಬಾಗಿದನೋ, ಕಿಟಕಿಯಲ್ಲಿ ಯಾರೂ ಇರಲಿಲ್ಲ. ಬಾಣಲೆಯಿಂದ ಹಬೆ ಮಾತ್ರ ಏಳುತ್ತಿತ್ತು.

ಖಾಲಿ ಕೈಯಲ್ಲಿ ನಾನು ಆ ಸಾಲಿನಲ್ಲಿ ಕೂತಿದ್ದೆ. ಪಕ್ಕದ ಹೆಂಗಸು ನನ್ನ ಬಗ್ಗೆ ಅಯ್ಯೋ ಎನ್ನುವಂತೆ ನೋಡಿದಳು. ನನಗೆ ಅಯ್ಯೋ ಅನ್ನಿಸುವುದೇನೂ ಆಗಿರಲಿಲ್ಲ. ಮುಂದಿನ ಮಗುವಿನ ಹೆಸರು ಕರೆದರು.

ಇಲ್ಲಿಗೆ ಮುಗಿದಿದ್ದರೆ ನಾನು ಸಮಾಧಾನದಿಂದ ಮನೆಗೆ ಬರುತ್ತಿದ್ದೆ. ಊಟಕ್ಕೆ ಎಲ್ಲರೂ ಸಾಲು ನಿಂತಾಗ ಟೀಚರಮ್ಮ ಕಣ್ಣೊರೆಸಿಕೊಳ್ಳುತ್ತಾ ಬಂದರು. ಎಂಥ ಮಗು, ಎಂಥ ಅಪ್ಪ, ನೋಡಿದವರೆಲ್ಲ ಅತ್ತರು ಎಂದರು. ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ. ಒಳಗೆ ಇಕ್ಕಟ್ಟಾಗಿತ್ತು, ಫೋಟೊ ಬರಲಿಲ್ಲ. ಅಪ್ಪ ಏಪ್ರನ್ ತೆಗೆದು ಈ ಅಲಂಕಾರದ ಮುಂದೆ, ಈ ಕುರ್ಚಿಯ ಮೇಲೆ ಕೂರಲಿ, ಮಗು ಇನ್ನೊಂದು ಸಲ ಮಾಡಲಿ, ಕ್ಲಾಸಿನ ಪೇಜಿಗೆ ಹಾಕೋಣ ಎಂದರು. ಹುಡುಗಿಯ ಅಪ್ಪ ಆಗಲೇ ಏಪ್ರನ್ನಿನ ಗಂಟಿಗೆ ಕೈ ಹಾಕಿದ್ದ. ಬೇಡ ಎನ್ನಲು ಬಾರದ ಮನುಷ್ಯ.

"ನೋ, ಥ್ಯಾಂಕ್ ಯೂ," ಎಂದಳು ಹುಡುಗಿ. "ಐ ಆಲ್ರೆಡಿ ಡಿಡ್ ಇಟ್."

ಟೀಚರಮ್ಮ ನಕ್ಕು, ಒಂದೇ ನಿಮಿಷ ಎಂದು ಅವಳ ಕೈ ಹಿಡಿಯಲು ಹೋದರು. ಆಗ ನನ್ನ ಬಾಯಿ ತೆರೆಯಿತು.

"ಅರ್ಧ ಗಂಟೆ ಹಿಂದೆ ಈ ಸಾಲಿನಲ್ಲಿ ಅವನಿಗೆ ಕುರ್ಚಿ ಇರಲಿಲ್ಲ. ಈಗ ಫೋಟೊಗೆ ಇದೆಯಾ?"

ಧ್ವನಿ ಏರಿಸಲಿಲ್ಲ. ಸ್ಕೂಲಿನಲ್ಲಿ ಊ‌ಟ ಎಸೆಯುವ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ. ಅವರ ಮುಖ ಸಣ್ಣದಾಯಿತು. ಕೆಟ್ಟವರಲ್ಲ, ಆಸ್ಪತ್ರೆಯಲ್ಲಿ ರಾತ್ರಿ ಕೂತವರು, ಅದೂ ನನಗೆ ನೆನಪಿತ್ತು. ಆದರೂ ಹೇಳಿದ್ದಕ್ಕೆ ವಿಷಾದವಿಲ್ಲ. ಮುಂದಿನ ವರ್ಷದ ಹೊತ್ತಿಗೆ ಕಮಿಟಿಯಲ್ಲಿ ಮಾತಾಡಿ ನೋಡೋಣ ಎಂದರು. ಕಮಿಟಿಗಳ 'ನೋಡೋಣ' ನಮ್ಮ ಕನ್ನಡ ಸಂಘದಲ್ಲೂ ನಾನು ಬಹಳ ಕೇಳಿದ್ದೇನೆ. ಕ್ಯಾಮೆರಾದವನು ಊಟದ ಸಾಲಿಗೆ ಹೋದ. ಹುಡುಗಿ ಅಪ್ಪನ ಬೆನ್ನ ಹಿಂದೆ ಹೋಗಿ, ಅವನು ಸಡಿಲಿಸಿದ್ದ ಏಪ್ರನ್ನಿನ ಗಂಟನ್ನು ಮತ್ತೆ ಬಿಗಿದಳು.

ಅವನಿಗೆ ಸಂಜೆ ರೆಸ್ಟೊರೆಂಟಿನಲ್ಲಿ ಕೆಲಸವಿತ್ತು, ಹಾಗಾಗಿ ಹುಡುಗಿ ನಮ್ಮ ಜೊತೆಗೇ ಬಂದಳು. ಬಾಗಿಲು ತೆರೆದ ಅತ್ತಿಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹುಡುಗಿ ಶೂ ಬಿಚ್ಚಿ ಒಳಗೆ ಹೋಗುವವರೆಗೆ ತಡೆದು, ಮೆಲ್ಲಗೆ ಕೇಳಿದರು.

"ಬಿದ್ದಳಾ ಕಾಲಿಗೆ?"

"ಬಿದ್ದಳು. ಅವರಪ್ಪನ ಕಾಲಿಗೆ."

"ಸದ್ಯ, ಒಳ್ಳೇದೇ ಆಯ್ತು ಬಿಡು. ದೋಷ ತಟ್ಟಲಿಲ್ಲ."

ದಿನವೆಲ್ಲ ನಡೆದದ್ದರಲ್ಲಿ ಅವರಿಗೆ ಸಿಕ್ಕಿದ್ದು ಇಷ್ಟು. ದೋಷ ಎನ್ನುವುದು ಒಂದಿದ್ದರೆ ಅದು ಕುರ್ಚಿಯಲ್ಲಿಲ್ಲ ಅತ್ತಿಗೆ, ಮಗು ಬಾಯಿಬಿಟ್ಟು ಹೇಳಿದ್ದು ಯಾರ ಕಿವಿಗೂ ಬೀಳದಿರುವುದರಲ್ಲಿದೆ ಎಂದೆ. ಅವರು, ಅದೂ ನಿಜವೇ ಎಂದು ಒಪ್ಪಿಕೊಂಡರೆಂದು ಬರೆಯಲು ನನಗೂ ಇಷ್ಟ. ಅವರು ಹಾಗೇನೂ ಹೇಳಲಿಲ್ಲ. ಕೈಕಾಲು ತೊಳೆದುಕೊಂಡು ಬಾ, ದೀಪ ಹಚ್ಚುವ ಹೊತ್ತಾಯಿತು ಎಂದರು. ನಾನು ಬೇಕೆಂದೇ ಮೊದಲು ಬಟ್ಟೆ ಮಡಿಸಿ, ಆಮೇಲೆ ಕೈಕಾಲು ತೊಳೆದೆ.

ರಾತ್ರಿ ಊಟಕ್ಕೆ ಶುಕ್ರವಾರದ ಉಳಿದ ಒಬ್ಬಟ್ಟಿನ ಸಾರು, ಬಿಸಿ ಅನ್ನ, ಸಂಡಿಗೆ. ಜೊತೆಗೆ ಅವನು ನಮಗೆಂದೇ ಬೇರೆ ಬಾಣಲೆಯಲ್ಲಿ ಮಾಡಿ ಕಟ್ಟಿಕೊಟ್ಟಿದ್ದ ತರಕಾರಿ ನೂಡಲ್ಸ್. ಮೀನಿನ ಸಾಸ್ ಹಾಕಿಲ್ಲ ತಾನೆ ಎಂದು ಅತ್ತಿಗೆ ಎರಡು ಸಲ ಕೇಳಿ, ಹುಡುಗಿ ಇಲ್ಲವೆಂದು ತಲೆಯಾಡಿಸಿದ ಮೇಲೆ ಬಡಿಸಿಕೊಂಡರು. ಆಮೇಲೆ ಇನ್ನೊಮ್ಮೆ ಬಡಿಸಿಕೊಂಡರು. ಹುಡುಗಿ ಸಾರನ್ನ ತಿಂದಳು. ನನ್ನವರು ಎರಡನ್ನೂ ಬೆರೆಸಿ ತಿಂದು ಬೈಸಿಕೊಂಡರು. ಮೊದಲು ಮಲಗಿದ್ದು ಹುಡುಗಿ, ಟಿವಿ ನೋಡುತ್ತಾ ಸೋಫಾದ ಮೇಲೆ, ಜಡೆ ಬಿಚ್ಚದೆ. ಅದೇ ಸೋಫಾದ ಇನ್ನೊಂದು ತುದಿಯಲ್ಲಿ ಕೂತಿದ್ದ ಅತ್ತಿಗೆ ಸೌಂಡ್ ಕಡಿಮೆ ಮಾಡು ಎಂದು ತಮ್ಮನಿಗೆ ಕಣ್ಣಲ್ಲೇ ಹೇಳಿ, ಸ್ವಲ್ಪ ಹೊತ್ತಿಗೆ ತಾವೂ ಕೂತಲ್ಲೇ ನಿದ್ದೆ ಹೋದರು.